ಪಿಸುಮಾತಣ್ಣನ ಬುಧವಾರ

ನಮ್ಮಣ್ಣ ಅರ್ಧ ಕಿಲೋ ಈರುಳ್ಳಿ ಕೇಳುವುದನ್ನು ನೀವು ಒಮ್ಮೆ ಕೇಳಬೇಕಿತ್ತು. ತರಕಾರಿ ಅಂಗಡಿಯ ಮುಂದೆ ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡು, "ಅರ್ಧ ಕಿಲೋ ಈರುಳ್ಳಿ!" ಎಂದರೆ ಪಕ್ಕದ ಅಂಗಡಿಯವನೂ ಬೆಚ್ಚಿಬಿದ್ದು ತಕ್ಕಡಿ ಎತ್ತಿಕೊಳ್ಳುತ್ತಿದ್ದ. ಬಸ್ ಡಿಪೋದ ನಾಟಕ ತಂಡದಲ್ಲಿ ಜೀವನವಿಡೀ ರಾಜನ ಪಾರ್ಟು ಮಾಡಿದ ಗಂಟಲು ಅದು. ಆದರೆ ಆ ಮಾತು ಹುಟ್ಟುತ್ತಿದ್ದದ್ದು ಅವನ ಬಾಯಲ್ಲಲ್ಲ. ಅವನ ಬೆನ್ನ ಹಿಂದೆ, ಸ್ವಲ್ಪ ಎಡಕ್ಕೆ, ಪಿಸುಮಾತಣ್ಣ ನಿಂತಿರುತ್ತಿದ್ದ. ಅವನು "ಅರ್ಧ ಕಿಲೋ ಈರುಳ್ಳಿ" ಎಂದು ಪಿಸುಗುಟ್ಟಿದ ಮೇಲೆಯೇ ನಮ್ಮ ಮಹಾರಾಜರು ಬಾಯಿ ತೆರೆಯುತ್ತಿದ್ದುದು.

ಪಿಸುಮಾತಣ್ಣ ಡಿಪೋದ ಸ್ಟೋರಿನಲ್ಲಿ ಬಸ್ಸಿನ ಬಿಡಿಭಾಗ ಕೊಡುತ್ತಿದ್ದವನು. ನಾಟಕದಲ್ಲಿ ಅವನು ಪ್ರಾಂಪ್ಟರ್. ರಂಗದ ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಪುಸ್ತಕದ ಮೇಲೆ ಟಾರ್ಚು ಬಿಟ್ಟುಕೊಂಡು, ಮಾತು ಮರೆತವರಿಗೆ ಮಾತು ಎತ್ತಿಕೊಡುವುದು ಅವನ ಕೆಲಸ. ಮುಖಕ್ಕೆ ಬಣ್ಣವಿಲ್ಲ, ಚಪ್ಪಾಳೆಯಿಲ್ಲ. ಆದರೆ ಅವನಿಲ್ಲದ ದಿನ ರಾಜನೂ ಇಲ್ಲ, ರಾಜ್ಯವೂ ಇಲ್ಲ. ನಾನು ಲಂಗ ಹಾಕುತ್ತಿದ್ದ ಕಾಲದಿಂದ ನಮ್ಮ ಮನೆಗೆ ಬಂದುಹೋಗುವವನಾದ್ದರಿಂದ ನನಗೆ ಅವನೂ ಒಬ್ಬ ಅಣ್ಣನೇ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದರೆ, "ಹೆಣ್ಣು ನೋಡೋಕೆ ಹೋದ್ರೆ ಅವಳು ಹೇಳ್ಬೇಕಾದ್ದನ್ನೂ ನಾನೇ ಹೇಳ್ಬಿಡ್ತಿದ್ದೆ" ಎನ್ನುತ್ತಾನೆ.

ಇನ್ನು ನಾನು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಉದ್ದವಾದ ಪ್ಯಾಂಟು ಗಿಡ್ಡ ಮಾಡುವವಳು, ಕೆಟ್ಟ ಜಿಪ್ ಬದಲಿಸುವವಳು. ಡಿಪೋದವರು ನನಗೆ ಸೂಜಿ ಎಂದು ಹೆಸರಿಟ್ಟಿದ್ದಾರೆ. ಹೊಲಿಗೆಯವಳು ಅಂತ ಇಟ್ಟಿದ್ದು ಎನ್ನುತ್ತಾರೆ. ನನ್ನ ನಾಲಿಗೆಗೆ ಇಟ್ಟಿದ್ದು ಎಂದು ನನಗೆ ಗೊತ್ತಿಲ್ಲವೇ? ನನ್ನ ಗಂಡ ತೀರಿಕೊಂಡು ಬಹಳ ಕಾಲವಾಯಿತು. ಅತ್ತಿಗೆಯೂ ಹೋದ ಮೇಲೆ, ಎರಡು ಮನೆಯಲ್ಲಿ ಎರಡು ಒಲೆ ಯಾಕೆ ಎಂದು ನಾನು ಯಂತ್ರದ ಸಮೇತ ಅಣ್ಣನ ಮನೆಗೆ ಬಂದೆ.

ಅತ್ತಿಗೆ ಹೋದಾಗ ಅಣ್ಣ ಎಲ್ಲರಿಗೂ ಸಮಾಧಾನ ಹೇಳಿದ. ಬಂದವರಿಗೆ ಟೀ ಕೊಟ್ಟ, ಕುರ್ಚಿ ಎಳೆದು ಕೂರಿಸಿದ. "ಎಷ್ಟು ಗಟ್ಟಿ ಮನುಷ್ಯ!" ಎಂದು ಜನ ಹೊಗಳಿ ಹೋದರು. ಗಟ್ಟಿಯಾಗಿಯೇ ಇದ್ದ. ಆಮೇಲೆ ಅವನ ಮಂಡಿಗೆ ಆಪರೇಷನ್ ಆಯಿತು. ಮನೆಯಲ್ಲಿ ಕೂರಬೇಕಾಯಿತು. ಅಷ್ಟರಲ್ಲಿ ನಾಟಕ ತಂಡವೂ ಕರಗಿಹೋಗಿತ್ತು. ಒಬ್ಬ ಮಗಳ ಮನೆ ಸೇರಿದ, ಇನ್ನೊಬ್ಬ ಹಾಸಿಗೆ ಹಿಡಿದ, ಮತ್ತಿಬ್ಬರು ಮೇಲಕ್ಕೇ ಹೋದರು. ಮಂಡಿ ವಾಸಿಯಾಯಿತು, ಆದರೆ ಅಣ್ಣ ಕುರ್ಚಿ ಬಿಟ್ಟು ಏಳಲಿಲ್ಲ. ಪೇಪರ್ ಬಿಚ್ಚಿಕೊಂಡು ಕೂರುತ್ತಿದ್ದ, ಪುಟ ತಿರುಗುತ್ತಿರಲಿಲ್ಲ. ಏನು ಕೇಳಿದರೂ "ಗೊತ್ತಿಲ್ಲ." ಊಟಕ್ಕೇನು ಮಾಡಲಿ? "ಗೊತ್ತಿಲ್ಲ." ಕನ್ನಡಕ ಎಲ್ಲಿಟ್ಟೆ? "ಗೊತ್ತಿಲ್ಲ." ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು.

ನಾನು ಬೈಯುತ್ತಿದ್ದೆ. ಮತ್ತೇನು ಮಾಡಲಿ? ಕೈಲಾಗದವಳು ಮೈ ಪರಚಿಕೊಂಡಳಂತೆ. ನಾನು ಬೈದು ಬೈದು ಬಾಯಿ ಒಣಗಿಸಿಕೊಳ್ಳುತ್ತಿದ್ದೆ, ಅವನು ಗೋಡೆಯ ಹಾಗೆ ಕೂತಿರುತ್ತಿದ್ದ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವನ ಮನೆಯಲ್ಲಿ ಇಂಥ ಅಣ್ಣ ಇರಲಿಲ್ಲ. ಬಂಗಾರ ಸಾಕಪ್ಪಾ ಸಾಕು, ಒಂದು ಚೂರು ಬೆಳ್ಳಿ ಕೊಡು ಎನಿಸುತ್ತಿತ್ತು.

ಆಗ ಕೈ ಹಿಡಿದವನು ಪಿಸುಮಾತಣ್ಣ. ದಿನಾ ಬೆಳಿಗ್ಗೆ ಬಂದು ಅಣ್ಣನಿಗೆ ಚಪ್ಪಲಿ ಹಾಕಿಸಿ ಹೊರಗೆ ಕರೆದುಕೊಂಡು ಹೋಗುತ್ತಿದ್ದ. ದಾರಿಯಲ್ಲಿ ಯಾರಾದರೂ ಎದುರಾದರೆ ಹಿಂದಿನಿಂದ, "ಚೆನ್ನಾಗಿದೀನಿ, ನೀವು ಹೇಗಿದೀರಿ." ಅಣ್ಣ ಅದನ್ನೇ ಹೇಳುತ್ತಿದ್ದ. ಅಣ್ಣನ ಮಗಳ ಫೋನ್ ಬಂದರೆ ಇವನು ಪಕ್ಕದಲ್ಲಿ ಕೂತು, "ಮಕ್ಕಳು ಚೆನ್ನಾಗಿ ಓದ್ತಿದಾರಾ." ಅಣ್ಣ, "ಮಕ್ಕಳು ಚೆನ್ನಾಗಿ ಓದ್ತಿದಾರಾ!" ಅವಳಿಗೆ ಸಮಾಧಾನ, ಫೋನ್ ಕೆಳಗೆ. ಹೀಗೆ ಊರಿಗೆಲ್ಲ ನಮ್ಮಣ್ಣ ಚೆನ್ನಾಗಿಯೇ ಇದ್ದ. ನನಗೂ ಅದು ಹಗುರವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ವಾರ ಪಿಸುಮಾತಣ್ಣನಿಗೆ ಎದೆಗೆ ಶೀತ ಕಟ್ಟಿ ಜ್ವರ ಬಂತು. ಅಲ್ಲಿಗೆ ಪರದೆ ಬಿತ್ತು. ಅಣ್ಣನನ್ನು ಒಬ್ಬನೇ ತರಕಾರಿಗೆ ಕಳಿಸಿದೆ. ಹೋದವನು ಅಂಗಡಿಯ ಮುಂದೆ ಸುಮ್ಮನೆ ನಿಂತ. ನಿಂತೇ ಇದ್ದ. ಕೊನೆಗೆ ಅಂಗಡಿಯವನು ಕೈಹಿಡಿದು ಮನೆಗೆ ತಂದು ಬಿಟ್ಟು, "ಅಮ್ಮಾ, ಇವ್ರಿಗೆ ಹುಷಾರಿಲ್ವಾ?" ಎಂದ. ಇನ್ನೊಂದು ದಿನ ಟೀಗೆ ನೀರಿಟ್ಟವನು ಅಲ್ಲೇ ನಿಂತು ನೋಡುತ್ತಿದ್ದಂತೆ ನೀರೆಲ್ಲ ಆವಿಯಾಗಿ ಪಾತ್ರೆ ಸುಟ್ಟು ಕರಕಲಾಯಿತು. ಇದನ್ನೆಲ್ಲ ನಾನು ಫೋನಿನಲ್ಲಿ ಹೇಳಿದ್ದರಿಂದ ಆ ಭಾನುವಾರ ಮಗಳು ಬಂದಳು. ಅವಳು ಊರಿನ ಆ ತುದಿಯಲ್ಲಿ ಇರುವವಳು, ಬ್ಯಾಂಕಿನ ಕೆಲಸ, ಎರಡು ಮಕ್ಕಳು. "ಅಪ್ಪಾ, ನಿನ್ನ ಮೊಮ್ಮಗ ಈಗ ಯಾವ ಕ್ಲಾಸು?" ಎಂದು ಕೇಳಿದಳು. ಪಿಸುಗುಟ್ಟಲು ಯಾರೂ ಇರಲಿಲ್ಲ. "ಗೊತ್ತಿಲ್ಲ" ಎಂದ ಅಣ್ಣ. ಅವಳ ಮುಖ ಸಣ್ಣದಾಯಿತು.

ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಅತ್ತೆ, ಅಪ್ಪನಿಗೆ ಮರೆವಿನ ಕಾಯಿಲೆ. ಇನ್ನೂ ಎಷ್ಟು ದಿನ ಮುಚ್ಚಿಡೋದು? ಗ್ಯಾಸು ಆನ್ ಮಾಡಿಟ್ಟು ಹೊರಗೆ ಹೋದ್ರೆ ನೀವು ಈ ವಯಸ್ಸಲ್ಲಿ ಹಿಂದೆ ಓಡ್ತೀರಾ?" ಮರೆವಿನವರಿಗೆಂದೇ ಇರುವ ಒಂದು ಆರೈಕೆ ಮನೆಯನ್ನು ನೋಡಿಕೊಂಡು ಬಂದಿದ್ದಳು. ಚೊಕ್ಕವಾಗಿದೆಯಂತೆ, ಹಿಂದೆ ತೋಟವಿದೆಯಂತೆ, ಸಿಬ್ಬಂದಿ ಒಳ್ಳೆಯವರಂತೆ. ಗೇಟಿಗೆ ಮಾತ್ರ ಯಾವಾಗಲೂ ಬೀಗ. ಮುಂದಿನ ತಿಂಗಳು ಒಂದು ಕೋಣೆ ಖಾಲಿಯಾಗುತ್ತದೆ, ಡಾಕ್ಟರು ಪರೀಕ್ಷೆ ಮಾಡಿ ಹೌದೆಂದರೆ ಸಾಕು, ಸೇರಿಸಿಕೊಳ್ಳುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಅವಳು ಅಳುತ್ತಿದ್ದಳು. ಪಾಪ, ಅವಳೇನು ಅಪ್ಪನನ್ನು ತಳ್ಳಿಹಾಕುವ ಹುಡುಗಿಯಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಮಾತಿಗಲ್ಲ. ಅವಳು ಹೇಳಿ ಮುಗಿಸಿದ ಕೂಡಲೇ ನನ್ನ ಹೊಟ್ಟೆಯೊಳಗೆ ಯಾರೋ "ಉಸ್ಸಪ್ಪಾ" ಎಂದರಲ್ಲ, ಅದಕ್ಕೆ. ಒಡಹುಟ್ಟಿದ ಅಣ್ಣನನ್ನು ಬೀಗದೊಳಗೆ ಬಿಟ್ಟು ಬರುವುದಕ್ಕೆ ನನ್ನ ಮೈ ಆಗಲೇ ಸಿದ್ಧವಾಗಿತ್ತು. ಎರಡು ರೊಟ್ಟಿ ಹೆಚ್ಚಿಗೆ ಬೇಯಿಸುವುದಕ್ಕಲ್ಲ ನಾನು ಸೋತದ್ದು, ಉತ್ತರವಿಲ್ಲದ ಮನೆಯಲ್ಲಿ ಬದುಕಿ ಸೋತಿದ್ದೆ. "ಆಯ್ತಮ್ಮ, ಡಾಕ್ಟರ ಹತ್ರ ಹೋಗೋಣ. ಅವರೇನಂತಾರೋ ಹಾಗೆ" ಎಂದೆ.

ಸುದ್ದಿ ಕೇಳಿ ಪಿಸುಮಾತಣ್ಣ ಕೆಮ್ಮುತ್ತಲೇ ಓಡಿಬಂದ. ಮಫ್ಲರು ಸಹ ಬಿಚ್ಚಲಿಲ್ಲ.

"ಸೂಜಿ, ಇವನು ಆ ಪರೀಕ್ಷೆ ಫೇಲಾಗ್ಬಾರ್ದು."

"ಅದು ಪಾಸು ಫೇಲಿನ ಪರೀಕ್ಷೆ ಅಲ್ಲ ಕಣಣ್ಣ. ರೋಗ ಇದೆಯೋ ಇಲ್ವೋ ಅಂತ ನೋಡೋದು."

"ಬೀಗ ಹಾಕೋ ಮನೆಗೆ ಕಳಿಸ್ತಾರೆ ಅಂದ್ಮೇಲೆ ಅದು ಫೇಲಲ್ದೆ ಇನ್ನೇನು? ಅದ್ರಲ್ಲಿ ಏನೇನು ಕೇಳ್ತಾರೆ ನಂಗೊತ್ತು. ನಮ್ಮ ಭಾವನಿಗೆ ಮಾಡ್ಸುವಾಗ ನಾನು ಪಕ್ಕದಲ್ಲೇ ಇದ್ದೆ. ರಿಹರ್ಸಲ್ ಮಾಡ್ಸಿಬಿಡ್ತೀನಿ."

ಮಾಡಿಸಿದ. ನನ್ನ ಕೋಣೆಯಲ್ಲೇ. ಬಟ್ಟೆ ಕತ್ತರಿಸುವ ಮೇಜಿನ ಈಚೆ ಅಣ್ಣ, ಅವನ ಹಿಂದೆ ಸ್ವಲ್ಪ ಎಡಕ್ಕೆ ಇವನು. ಯಾವ ತಿಂಗಳು? ಯಾವ ಮಹಡಿ? ಯಾವ ವಾರ? ಡಾಕ್ಟರು ಬುಧವಾರಕ್ಕೆ ಬರಹೇಳಿದ್ದರಿಂದ ಉತ್ತರ ಬುಧವಾರ. ಪ್ರಶ್ನೆಯನ್ನೂ ಇವನೇ ಕೇಳುತ್ತಿದ್ದ, ಉತ್ತರವನ್ನೂ ಇವನೇ ಪಿಸುಗುಟ್ಟುತ್ತಿದ್ದ, ಅಣ್ಣ ರಾಜಗಾಂಭೀರ್ಯದಿಂದ ಒಪ್ಪಿಸುತ್ತಿದ್ದ. ಜಾಕೆಟ್ಟು ಸಡಿಲ ಮಾಡಿಸಲು ಬಂದ ಹೆಂಗಸೊಬ್ಬಳು "ಬುಧವಾರ!" ಎಂಬ ಗರ್ಜನೆ ಕೇಳಿ ಅಳತೆ ಟೇಪಿನ ಸಮೇತ ಎರಡು ಹೆಜ್ಜೆ ಹಿಂದೆ ಸರಿದಳು.

"ಈ ವಯಸ್ಸಲ್ಲಿ ಕಾಪಿ ಹೊಡೆಸ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದೆ.

"ನಾಟಕ ನಿಂತುಹೋಗ್ಬಾರ್ದು, ಅಷ್ಟೆ ನಂಗೆ ಗೊತ್ತಿರೋದು" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ನಾನು ಯಂತ್ರದ ಕಡೆ ತಿರುಗಿದೆ.

ಬುಧವಾರ ಬೆಳಿಗ್ಗೆ ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿ ತಲೆ ಬಾಚಿ ಕೂತಿದ್ದರು. ಆಸ್ಪತ್ರೆಯಿಂದ ಫೋನ್ ಬಂತು. ಡಾಕ್ಟರು ರಜೆ, ನಾಳೆ ಬನ್ನಿ. ಮೊದಲೇ ಹೇಳೋಕೆ ನಿಮಗೇನು ಧಾಡಿ, ವಯಸ್ಸಾದವರು ಸಿದ್ಧವಾಗುವುದೆಂದರೆ ಆಟವೇ ಎಂದು ನಾನು ಫೋನಿನಲ್ಲೇ ಹಾರಾಡಿದೆ. ಹಾರಾಡಿ ಏನು ಬಂತು, ಗುರುವಾರವೇ ಹೋದೆವು.

ಎರಡನೇ ಮಹಡಿ. ನೆಲಕ್ಕೆ ಬೋಲ್ಟು ಹಾಕಿದ ಕುರ್ಚಿಗಳ ಸಾಲು, ಫಿನಾಯಿಲ್ ವಾಸನೆ, ಟೋಕನ್ ನಂಬರ್ ಕೂಗುವ ಒಂದು ಹೆಣ್ಣು ದನಿ. ಹೌದೆಂದರೆ ಅಣ್ಣ ಹೋಗುತ್ತಾನೆ. ಅಲ್ಲ ಎಂದರೆ ಇದೇ ಮೌನ, ಇದೇ ಗೋಡೆ, ನಾನು ಸಾಯುವವರೆಗೆ. ಯಾವುದನ್ನು ಬೇಡಿಕೊಳ್ಳಲಿ ಎಂದೇ ತಿಳಿಯಲಿಲ್ಲ.

ಡಾಕ್ಟರಮ್ಮನಿಗೆ ನಮ್ಮ ಹುಡುಗಿಯ ವಯಸ್ಸು. ಜೋರು ನೆಗಡಿಯಾಗಿತ್ತು, ಮೂಗು ಕೆಂಪಗಿತ್ತು. ನಿನ್ನೆ ಇದಕ್ಕೇ ರಜೆ ಹಾಕಿದ್ದರೆಂದು ಕಾಣುತ್ತದೆ. ಫೋನಿನಲ್ಲಿ ಹಾರಾಡಿದವಳು ನಾನೇ ಎಂದು ತಿಳಿಯದಿರಲಿ ಎಂದು ಮುದುರಿಕೊಂಡು ಕೂತೆ. ಅಣ್ಣ ಮೇಜಿನ ಮುಂದೆ ಕೂತ. ಪಿಸುಮಾತಣ್ಣ ತನ್ನ ಕುರ್ಚಿಯನ್ನು ಮೆಲ್ಲಗೆ ಜರುಗಿಸಿಕೊಂಡು ಸರಿಯಾಗಿ ತನ್ನ ಜಾಗಕ್ಕೆ ತಂದ. ಹಿಂದೆ, ಸ್ವಲ್ಪ ಎಡಕ್ಕೆ.

"ಸರ್, ನಾವೀಗ ಯಾವ ಮಹಡೀಲಿ ಇದೀವಿ?"

"ಎರಡನೇ ಮಹಡಿ" ಎಂದಿತು ಹಿಂದಿನ ದನಿ.

"ಎರಡನೇ ಮಹಡಿ!" ಎಂದ ಅಣ್ಣ.

ಡಾಕ್ಟರಮ್ಮ ತಲೆಯೆತ್ತಿ ನೋಡಿದರು. "ಹಿಂದೆ ಯಾರೋ ಮಾತಾಡಿದ ಹಾಗಾಯ್ತು?"

"ನಾನಲ್ಲ" ಎಂದ ಪಿಸುಮಾತಣ್ಣ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಆದರೆ ಆ ಹುಡುಗಿ ಗದರಲಿಲ್ಲ. ಮೂಗೊರೆಸಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ಯಾವ ತಿಂಗಳು ಎಂದರು, ತಿಂಗಳು ಹಿಂದಿನಿಂದ ಬಂತು. ಈಗ ಅವರ ಕಣ್ಣು ಅಣ್ಣನ ಮೇಲಿರಲಿಲ್ಲ, ಪಿಸುಮಾತಣ್ಣನ ತುಟಿಯ ಮೇಲಿತ್ತು.

"ಇವತ್ತು ಯಾವ ವಾರ ಸರ್?"

"ಬುಧವಾರ" ಎಂದ ಪಿಸುಮಾತಣ್ಣ.

ಪ್ರಾಂಪ್ಟರಿಗೆ ಪುಸ್ತಕವೇ ಲೋಕ. ಪುಸ್ತಕದಲ್ಲಿ ಬೆಳಗು ಎಂದಿದ್ದರೆ ಹೊರಗೆ ಕತ್ತಲಾಗಿದ್ದರೂ ಅವನಿಗೆ ಬೆಳಗೇ. ರಿಹರ್ಸಲ್ ಆದದ್ದು ಬುಧವಾರ ಎಂದು, ಅವನ ತಲೆಯಲ್ಲಿ ಇದ್ದದ್ದೂ ಬುಧವಾರ. ದಿನ ಒಂದು ಮುಂದೆ ಹೋದದ್ದು ಅವನ ಪಾಠಕ್ಕೆ ಸೇರಿಯೇ ಇರಲಿಲ್ಲ.

ಅಣ್ಣ ಮಾತೆತ್ತಲಿಲ್ಲ. ಮಾತು ಕೇಳಿಸಲಿಲ್ಲವೇನೋ ಎಂದುಕೊಂಡು ಪಿಸುಮಾತಣ್ಣ ಇನ್ನಷ್ಟು ಮುಂದೆ ಬಾಗಿ, "ಬುಧವಾರ" ಎಂದ. ಅಣ್ಣನ ಕತ್ತಿನ ನರ ಬಿಗಿಯಿತು. ಮೂರನೆಯ ಸಲ, ಮೊದಲ ಸಾಲಿನ ಪ್ರೇಕ್ಷಕರಿಗೂ ಕೇಳುವ ಹಾಗೆ: "ಬುಧವಾರ!"

"ಗುರುವಾರ ಕಣೋ, ಕತ್ತೆ!" ಎಂದು ಅಣ್ಣ ತಿರುಗಿಬಿದ್ದ.

ಅದು ರಾಜನ ದನಿಯಲ್ಲ. ಚಿಕ್ಕಂದಿನಲ್ಲಿ ನಾನು ಅವನ ಚಪ್ಪಲಿ ಹಾಕಿಕೊಂಡು ಹೋಗಿ ಒಂದನ್ನು ಕಳೆದುಕೊಂಡು ಬಂದಾಗ ಬೈದ ದನಿ. ನಮ್ಮಣ್ಣನ ಸ್ವಂತ ದನಿ. ಅದನ್ನು ಕೇಳಿ ಎಷ್ಟು ಕಾಲವಾಗಿತ್ತೆಂದರೆ ಒಂದು ಗಳಿಗೆ ಯಾರು ಮಾತಾಡಿದರೆಂದೇ ನನಗೆ ಹೊಳೆಯಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಗುರುವಾರ ಅಂತ ಹೇಗೆ ಗೊತ್ತು ಸರ್?"

"ಬುಧವಾರ ನಿನ್ನೆ ಆಯ್ತಲ್ಲ" ಎಂದ ಅಣ್ಣ, ದಣಿದವನಂತೆ. "ನಿನ್ನೆ ನೀವು ರಜ. ಫೋನ್ ಬಂತು. ಇವಳು ಫೋನಲ್ಲಿ ಜಗಳಕ್ಕೆ ನಿಂತ್ಲು. ಆಮೇಲೆ ಅದೇ ಸಿಟ್ಟಲ್ಲಿ ಯಾರದೋ ಬೂದು ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟು, ನಾನು ನೋಡ್ಲಿಲ್ಲ ಅಂದ್ಕೊಂಡು ಗೋಡೆ ಕಡೆ ತಿರುಗಿ ಬಿಚ್ತಿದ್ಲು."

ಅಯ್ಯೋ ನನ್ನ ಮಾನವೇ! ನಿಜವಾಗಿಯೂ ಹಾಗೆ ಹೊಲಿದಿದ್ದೆ. ನಾಚಿಕೆ, ಸಿಟ್ಟು, ಸಂತೋಷ ಮೂರೂ ಒಟ್ಟಿಗೆ ನುಗ್ಗಿ ಬಂದು ಯಾವುದಕ್ಕೆ ದಾರಿ ಬಿಡಲಿ ಎಂದು ಗೊತ್ತಾಗದೆ ಕೂತೆ. ಎಲ್ಲ ನೋಡುತ್ತಿದ್ದ! ಎಲ್ಲ ನೆನಪಿತ್ತು! ಈ ಮನುಷ್ಯನಿಗೆ ಮರೆವೆಂದು ನಾವು ಕೋಣೆ ನೋಡಿದ್ದೆವು.

"ಮೊಮ್ಮಗ ಯಾವ ಕ್ಲಾಸು?" ಎಂದು ನಾನೇ ಬಾಯಿ ಹಾಕಿದೆ.

"ನಾಲ್ಕು. ಲೆಕ್ಕದಲ್ಲಿ ದಡ್ಡ."

"ಮತ್ತೆ ಮಗಳು ಕೇಳಿದಾಗ ಯಾಕೋ ಗೊತ್ತಿಲ್ಲ ಅಂದೆ, ಪುಣ್ಯಾತ್ಮ?"

ಡಾಕ್ಟರಮ್ಮ ಕೈಯೆತ್ತಿ ನನ್ನನ್ನು ತಡೆದರು. ಅದೇ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು. "ಹೌದು ಸರ್. ಗೊತ್ತಿದ್ದೂ ಯಾಕೆ ಗೊತ್ತಿಲ್ಲ ಅಂತೀರಿ?"

ಅಣ್ಣ ಮೇಜು ನೋಡಿದ. ಪಕ್ಕದಲ್ಲಿ ಪಿಸುಮಾತಣ್ಣ ಉಸಿರೆಳೆದುಕೊಂಡದ್ದು ಕೇಳಿಸಿತು. ನಿಂತುಹೋದ ಮಾತು ಕಂಡರೆ ಅವನಿಗೆ ತಡೆಯುವುದಿಲ್ಲ, ಏನಾದರೂ ತುಂಬಲೇಬೇಕು. ನಾನು ಅವನ ಪಾದದ ಮೇಲೆ ನನ್ನ ಹಿಮ್ಮಡಿ ಊರಿದೆ, ಚೆನ್ನಾಗಿಯೇ ಊರಿದೆ. ಅವನು ಬಾಯಿಗೆ ಮಫ್ಲರು ಒತ್ತಿಕೊಂಡ. ಹೊರಗೆ ಟೋಕನ್ ಕೂಗುತ್ತಿದ್ದರು. ಡಾಕ್ಟರಮ್ಮ ಗಡಿಯಾರದ ಕಡೆ ನೋಡಲಿಲ್ಲ, ಕಾಗದದ ಕಡೆ ನೋಡಲಿಲ್ಲ, ಸುಮ್ಮನೆ ಅಣ್ಣನ ಕಡೆ ನೋಡುತ್ತಾ ಕೂತರು. ಅಷ್ಟು ಹೊತ್ತು ನಮ್ಮ ಮನೆಯಲ್ಲಿ ಯಾರೂ ಅವನಿಗಾಗಿ ಕಾದಿರಲಿಲ್ಲ. ನಾನು ಬೈದು ತುಂಬಿಸುತ್ತಿದ್ದೆ, ಇವನು ಪಿಸುಗುಟ್ಟಿ ತುಂಬಿಸುತ್ತಿದ್ದ.

"ಗೊತ್ತಿಲ್ಲ ಅಂದ್ರೆ ಬೇಗ ಮುಗಿಯುತ್ತೆ" ಎಂದ ಅಣ್ಣ ಕೊನೆಗೆ. "ಒಂದಕ್ಕೆ ಉತ್ತರ ಕೊಟ್ರೆ ಇನ್ನೊಂದು ಕೇಳ್ತಾರೆ. ನನ್ ಕೈಲಾಗಲ್ಲ ಡಾಕ್ಟ್ರೇ. ಒಂದು ಮಾತು ಆಡ್ಬೇಕಂದ್ರೆ ಮೂಟೆ ಎತ್ತಿದ ಹಾಗೆ ಆಗುತ್ತೆ. ಇವನು ಹೇಳ್ಕೊಡ್ತಿದ್ದ, ನಾನು ಹೇಳ್ತಿದ್ದೆ. ಅದು ಸುಲಭ."

"ಬೆಳಿಗ್ಗೆ ಎದ್ದಾಗ ಹೇಗಿರುತ್ತೆ?"

"ಎಚ್ಚರ ಆಗುತ್ತೆ. ಯಾಕಾದ್ರೂ ಆಯ್ತೋ ಅನ್ಸುತ್ತೆ." ಅವನ ದನಿ ಸಣ್ಣಗಾಯಿತು. "ದಿನಾ."

"ಜೀವ ತೆಗೆದುಕೊಳ್ಳಬೇಕು ಅನ್ನಿಸಿದೆಯಾ ಸರ್?"

"ಇಲ್ಲ. ಇರೋದು ಬೇಡ ಅನ್ಸುತ್ತೆ, ಅಷ್ಟೆ. ಇವಳು ಹೋದ್ಮೇಲೆ... ನನ್ ಹೆಂಡತಿ. ಆಗ ಎಲ್ಲಾ ಗಟ್ಟಿ ಮನುಷ್ಯ ಅಂದ್ಬಿಟ್ರು. ಆಮೇಲೆ ಅಳೋಕೆ ಹೇಗಾಗುತ್ತೆ?"

"ತಂಗಿಗೆ ಹೇಳಬಹುದಿತ್ತಲ್ಲ?"

ಅಣ್ಣ ನನ್ನ ಕಡೆ ತಿರುಗಿದ. ಗೋಡೆಯ ಕಡೆ ನೋಡುವ ನೋಟವಲ್ಲ, ನನ್ನನ್ನೇ ನೋಡಿದ. "ಇವಳು ದಿನವಿಡೀ ಬೈತಾ ಇರ್ತಾಳೆ. ಅದು ಕಿವಿಗೆ ಬಿದ್ರೆ ಮನೇಲಿ ಜನ ಇದಾರೆ ಅನ್ಸುತ್ತೆ. ನಾನು ಹೇಳ್ಬಿಟ್ರೆ ಬೈಯೋದು ನಿಲ್ಲಿಸಿ ಅಳ್ತಾ ಕೂರ್ತಾಳೆ. ಅದು ಬೇಡ ಅಂತ."

ನಾನು ಅಳಲಿಲ್ಲ. ಹಟಕ್ಕೆ ಬಿದ್ದು ಅಳಲಿಲ್ಲ. ಪಿಸುಮಾತಣ್ಣ ಮಫ್ಲರಿನೊಳಗೆ ನನ್ನ ಪಾಲನ್ನೂ ಸೇರಿಸಿ ಅಳುತ್ತಿದ್ದ.

ಡಾಕ್ಟರಮ್ಮ ಆಮೇಲೂ ಬಹಳ ಕೇಳಿದರು. ನಿದ್ದೆ, ಹಸಿವು, ಮಂಡಿ, ಔಷಧ. ಪರೀಕ್ಷೆಯನ್ನು ಮೊದಲಿನಿಂದ ಮತ್ತೆ ಮಾಡಿದರು, ಪಿಸುಮಾತಣ್ಣನನ್ನು ನನ್ನ ಆಚೆ ಬದಿಗೆ ಕೂರಿಸಿ. ಅಣ್ಣ ನಿಧಾನಕ್ಕೆ, ಒಲ್ಲದ ಮನಸ್ಸಿನಿಂದ, ಆದರೆ ತಾನೇ ಹೇಳಿದ. ಬಹುಪಾಲು ಸರಿ ಹೇಳಿದ. "ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲಾ ಆಗಲಿ, ಆಮೇಲೆ ಖಚಿತವಾಗಿ ಹೇಳ್ತೀನಿ" ಎಂದರು. "ಆದರೆ ಈಗ ನನಗೆ ಕಾಣ್ತಿರೋದು ಮರೆವಿನ ಕಾಯಿಲೆ ಅಲ್ಲ. ಇದು ಖಿನ್ನತೆ. ವಯಸ್ಸಾದವರಲ್ಲಿ ಎಷ್ಟೋ ಸಲ ಇದು ಮರೆವಿನ ವೇಷ ಹಾಕ್ಕೊಂಡು ಬರುತ್ತೆ. ಇದಕ್ಕೆ ಚಿಕಿತ್ಸೆ ಇದೆ. ವಾಸಿಯಾಗುತ್ತೆ."

ವಾಸಿಯಾಗುತ್ತೆ. ಆ ಒಂದು ಮಾತಿಗೆ ಹೋದ ಜೀವ ಬಂದ ಹಾಗಾಯಿತು. ಹೌದೆಂದರೆ ಹೋಗುತ್ತಾನೆ, ಅಲ್ಲವೆಂದರೆ ಮೌನ ಎಂದು ನಾನು ಎರಡೇ ಬಾಗಿಲು ಎಣಿಸಿ ಕೂತಿದ್ದೆ. ಮೂರನೆಯದೊಂದಿದೆ ಎಂದು ನನಗೆ ಯಾರು ಹೇಳಿದ್ದರು?

ಪಿಸುಮಾತಣ್ಣ ಮೂಗು ಒರೆಸಿಕೊಂಡು, "ನಾನೇ ಇವನ ಬಾಯಿ ಮುಚ್ಚಿಸ್ಬಿಟ್ಟೆ ಡಾಕ್ಟ್ರೇ" ಎಂದ.

"ನೀವಿಲ್ಲದಿದ್ರೆ ಇವರು ಕುರ್ಚಿ ಬಿಟ್ಟು ಏಳ್ತಾನೇ ಇರ್ಲಿಲ್ಲ. ಮಾತ್ರೆ ಕೊಡ್ತೀನಿ, ಮಾತಾಡೋಕೆ ಒಬ್ಬ ಆಪ್ತಸಲಹೆಗಾರರು ಇದಾರೆ. ಅದ್ರ ಜೊತೆಗೆ ಜನ ಬೇಕು, ದಿನಾ. ನೀವು ಬನ್ನಿ, ಆದ್ರೆ ಇನ್ಮೇಲೆ ಹೇಳ್ಕೊಡಬೇಡಿ. ಕಾಯಿರಿ." ಹಾಗೆಂದವರು ಸ್ವಲ್ಪ ತಡೆದು ಕೇಳಿದರು. "ಅದಿರ್ಲಿ, ನಿಮ್ಮ ಮನೇಲಿ ಯಾರಿದಾರೆ?"

ಪಿಸುಮಾತಣ್ಣ ಅಣ್ಣನ ಕಡೆ ನೋಡಿದ, ನನ್ನ ಕಡೆ ನೋಡಿದ. ಊರಿಗೆಲ್ಲ ಮಾತು ಎತ್ತಿಕೊಟ್ಟವನಿಗೆ ತನ್ನ ಪಾರ್ಟಿನ ಮಾತೇ ಇರಲಿಲ್ಲ. "ಇವರಿದಾರೆ" ಎಂದ. ಆಮೇಲೆ, "ಮನೇಲಾ? ಮನೇಲಿ ಯಾರೂ ಇಲ್ಲ."

ಜ್ವರ ಬಂದ ವಾರ ಇವನಿಗೆ ಗಂಜಿ ಕಾಯಿಸಿ ಕೊಟ್ಟವರು ಯಾರು ಎಂದು ನಾನು ಕೇಳಿರಲಿಲ್ಲ. ಅವತ್ತಿನಿಂದ ಅವನ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಆಯಿತು. ಕರೆದೆನೆಂದು ತಿಳಿಯಬೇಡಿ. ಕರೆದರೆ ಸಂಕೋಚಪಡುತ್ತಾನೆ. "ತಟ್ಟೆ ಇಟ್ಟಾಯ್ತು, ಬಂದು ಬೀಳು" ಎಂದೆ.

ಆಸ್ಪತ್ರೆಯಿಂದ ಹೊರಗೆ ಬಂದ ಕೂಡಲೇ ಮಗಳಿಗೆ ಫೋನ್ ಮಾಡಿದೆ. ಗುರುವಾರ, ಕತ್ತೆ, ಬೂದು ಪ್ಯಾಂಟು ಎಲ್ಲ ಒಟ್ಟಿಗೆ ಹೇಳಿದರೆ ಅವಳಿಗೇನು ಅರ್ಥವಾಗಬೇಕು? "ಅತ್ತೆ, ನಿಧಾನ, ನಿಧಾನ" ಎಂದಳು. ಅರ್ಥವಾದ ಮೇಲೆ ಬ್ಯಾಂಕಿನಲ್ಲಿ ಗಿರಾಕಿಗಳ ಎದುರಿಗೇ ಅಳುತ್ತಿದ್ದಳಂತೆ. "ಆ ಕೋಣೆ ಬೇಡ ಅಂತ ಹೇಳ್ಬಿಡ್ಲಾ ಅತ್ತೆ?"

"ಹೇಳ್ಬಿಡು. ನಿಜವಾಗ್ಲೂ ಬೇಕಾದೋರಿಗೆ ಆಗ್ಲಿ" ಎಂದೆ.

ಮಾತ್ರೆ ನುಂಗಿದ ಮರುದಿನವೇ ಅಣ್ಣ ಕುಣಿದಾಡಿದ ಎಂದುಕೊಳ್ಳಬೇಡಿ. ಮೊದಮೊದಲು ಏನೂ ಆಗಲಿಲ್ಲ. ಬಾಯಿ ಒಣಗುತ್ತದೆ ಎಂದ, ನಿದ್ದೆಗಣ್ಣಲ್ಲಿ ಕೂತ. ಈ ಡಾಕ್ಟರಮ್ಮ ನಮಗೆ ಮೂಗಿಗೆ ತುಪ್ಪ ಸವರಿದರೇ ಎಂದು ನಾನು ಹಲ್ಲು ಕಡಿದೆ. ಸ್ಕ್ಯಾನಿನಲ್ಲಿ ಹೆದರುವಂಥದ್ದೇನೂ ಇಲ್ಲ ಎಂದು ಬಂದ ದಿನವೂ ಅವನು ಪೇಪರಿನ ಅದೇ ಪುಟ ಹಿಡಿದು ಕೂತಿದ್ದ. ಆಪ್ತಸಲಹೆಗಾರರ ಹತ್ತಿರ ಹೋಗಿಬಂದ ದಿನ ಮುಖ ಊದಿಕೊಂಡಿರುತ್ತಿತ್ತು, ಅತ್ತಿರುತ್ತಿದ್ದ. ಏನು ಮಾತಾಡಿದೆ ಎಂದು ಕೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಕೇಳಲಿಲ್ಲ.

ಪಿಸುಮಾತಣ್ಣನ ಗೋಳಂತೂ ಕೇಳಬೇಡಿ. ಈಗವನು ಅಣ್ಣನ ಹಿಂದೆ ನಡೆಯುವಂತಿಲ್ಲ, ಪಕ್ಕದಲ್ಲಿ ನಡೆಯಬೇಕು. ಮಾತು ನಿಂತಾಗ ತುಂಬದಿರಲು ಬಾಯಲ್ಲಿ ಪೆಪ್ಪರಮಿಂಟು ಇಟ್ಟುಕೊಳ್ಳತೊಡಗಿದ. ತರಕಾರಿ ಅಂಗಡಿಯ ಮುಂದೆ ಅಣ್ಣ ನಿಂತೇ ಇರುತ್ತಿದ್ದ, ಇವನು ಪೆಪ್ಪರಮಿಂಟು ಕಟಕಟ ಕಡಿಯುತ್ತಿದ್ದ, ಅಂಗಡಿಯವನು ಇಬ್ಬರನ್ನೂ ನೋಡುತ್ತಿದ್ದ. ಒಂದು ದಿನ ಅಣ್ಣ ಬದನೆಕಾಯಿ ತಂದ. ನಾನು ಹೇಳಿದ್ದು ಬೀನ್ಸ್. "ಬೀನ್ಸ್ ಬಲಿತಿತ್ತು" ಎಂದ ಅಣ್ಣ. ಬಲಿತಿತ್ತಂತೆ! ಯಾರೂ ಹೇಳಿಕೊಡದೆ, ತಾನೇ ಮುಟ್ಟಿ ನೋಡಿ, ಬೇಡವೆಂದು ಬಿಟ್ಟು ಬಂದಿದ್ದ. ಪಿಸುಮಾತಣ್ಣ ಅವನ ಬೆನ್ನ ಹಿಂದಿನಿಂದ ನನಗೆ ಕಣ್ಣರಳಿಸಿ ತೋರಿಸಿದ. ಆ ಬದನೆಕಾಯಿ ನೋಡಿ ನಾನು ಬೈಯುವುದನ್ನೇ ಮರೆತೆ.

ಆಮೇಲಾಮೇಲೆ ಡಿಪೋದ ಉಳಿದ ಹಳಬರೂ ಬರತೊಡಗಿದರು. ಪಿಸುಮಾತಣ್ಣ ಮನೆಮನೆಗೆ ಹೋಗಿ ಹುಡುಕಿ ಎಳೆದುಕೊಂಡು ಬಂದದ್ದು. ಒಬ್ಬ ಊರುಗೋಲಿನ ಡ್ರೈವರು, ಕಿವಿ ಮಂದವಾದ ಒಬ್ಬ ಮೆಕ್ಯಾನಿಕ್ಕು, ರಾಣಿಯ ಪಾರ್ಟು ಮಾಡುತ್ತಿದ್ದ ಕಂಡಕ್ಟರಮ್ಮ. ನನ್ನ ಕತ್ತರಿಸುವ ಮೇಜಿನ ಸುತ್ತ ಕೂತು, ಸೀಮೆಸುಣ್ಣದ ಗುರುತೆಲ್ಲ ಅಳಿಸಿ, ಟೀ ಕುಡಿದು, ಯಾವತ್ತೋ ತಪ್ಪಿದ ಡೈಲಾಗಿಗೆ ಇವತ್ತು ಜಗಳ ಆಡುತ್ತಾರೆ. ಅಣ್ಣ ಹೆಚ್ಚು ಮಾತಾಡುವುದಿಲ್ಲ. ಕೆಲವು ದಿನ ಎದ್ದು ಒಳಗೆ ಹೋಗಿ ಮಲಗುತ್ತಾನೆ. ಕೆಲವು ದಿನ ನಗುತ್ತಾನೆ. ನಗು ಅಡುಗೆಮನೆಗೆ ಕೇಳಿದ ದಿನ ನಾನು ಟೀಗೆ ಹಾಲು ಜಾಸ್ತಿ ಹಾಕುತ್ತೇನೆ, ಯಾರಿಗೂ ಕಾರಣ ಹೇಳುವುದಿಲ್ಲ.

ಮೊನ್ನೆ ಒಂದು ಮಧ್ಯಾಹ್ನ. ಶಾಲೆ ತೆರೆಯುವ ಕಾಲ, ಯೂನಿಫಾರ್ಮಿನ ರಾಶಿ ನನ್ನ ಕುತ್ತಿಗೆಯವರೆಗೆ ಬಂದಿತ್ತು. ಅವರಿಬ್ಬರಿಗೂ ಊಟ ಬಡಿಸಿ ಬಂದು ಯಂತ್ರದ ಮುಂದೆ ಕೂತಿದ್ದೆ. ಪಿಸುಮಾತಣ್ಣ ಒಳಗೆ ಪಾತ್ರೆ ತೊಳೆಯುತ್ತಿದ್ದ. ಅಣ್ಣ ಬಂದು ಬಾಗಿಲಲ್ಲಿ ನಿಂತ. ಏನು ಬೇಕೋ ಎಂಬ ಮಾತು ನನ್ನ ಬಾಯಿತನಕ ಬಂತು, ನುಂಗಿಕೊಂಡೆ. ತುಳಿಯುವುದು ನಿಲ್ಲಿಸಿ, ಸೂಜಿಯ ಕೆಳಗೆ ಬಟ್ಟೆ ಹಿಡಿದುಕೊಂಡು ಕಾದೆ. ಅವನು ಯಂತ್ರ ನೋಡಿದ, ಯೂನಿಫಾರ್ಮಿನ ರಾಶಿ ನೋಡಿದ, ನನ್ನನ್ನು ನೋಡಿದ.

"ನಿನ್ನ ಊಟ ಆಯ್ತೇನೇ?" ಎಂದ.

ಅತ್ತಿಗೆ ಹೋದಂದಿನಿಂದ ಈ ಮನೆಯಲ್ಲಿ ನನ್ನನ್ನು ಆ ಮಾತು ಕೇಳಿದವರಿರಲಿಲ್ಲ. ಆಯಿತು ಎಂದು ಸುಳ್ಳು ಹೇಳುವುದು ನನಗೆ ಅಭ್ಯಾಸ. ಬಾಯಿ ತೆರೆದೆ, ಸುಳ್ಳು ಬರಲಿಲ್ಲ. "ಇಲ್ಲ ಅಣ್ಣ" ಎಂದೆ. ಆಸ್ಪತ್ರೆಯಲ್ಲಿ ಹಟ ಹಿಡಿದು ತಡೆದದ್ದೆಲ್ಲ ಆಗ ಬಂತು. ಯಾವ ಮಗುವಿನದೋ ಚಡ್ಡಿಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಅಣ್ಣ ಹೆದರಿ ಓಡಿಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತ. ನಾನು ಅತ್ತು ಮುಗಿಸುವವರೆಗೂ ಕೂತಿದ್ದು, "ಏಳು, ಬಡಿಸ್ತೀನಿ" ಎಂದ.